ಟಿ-ಟೆಸ್ಟ್ ಮಾಡಿದೆ, ಆದರೆ ಡೇಟಾ ನಾರ್ಮಲ್ ಅಲ್ಲ ಅಂತ ಬಂತು. ಈಗೇನು ಮಾಡಲಿ?

ಎಲೆ_ಅಳೆಯುವವಳು

ಎಲ್ಲರಿಗೂ ನಮಸ್ಕಾರ. ಪ್ರಾಜೆಕ್ಟ್ ವರದಿ ಬರೆಯುತ್ತಿದ್ದೇನೆ, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. 12 ಕುಂಡಗಳಲ್ಲಿ ಒಂದೇ ಜಾತಿಯ ಗಿಡ ಬೆಳೆಸಿದೆ, ಕುಂಡಕ್ಕೆ ಒಂದು ಗಿಡ. 6 ಕುಂಡಕ್ಕೆ ಒಂದು ಪೋಷಕ ದ್ರಾವಣ ಹಾಕಿದೆ, ಉಳಿದ 6ಕ್ಕೆ ಬರೀ ನೀರು. ಆರು ವಾರ ಆದ ಮೇಲೆ ಪ್ರತಿ ಗಿಡದಿಂದ 5 ಎಲೆ ಆರಿಸಿ ಉದ್ದ ಅಳೆದೆ. ಒಂದೊಂದು ಗುಂಪಿಗೆ 30 ಅಳತೆ, ಒಟ್ಟು 60.

ಸರಾಸರಿ 8.67 ಸೆಂ.ಮೀ. ಮತ್ತು 7.70 ಸೆಂ.ಮೀ. ಎರಡು ಸರಾಸರಿಗಳ ವ್ಯತ್ಯಾಸ ಬರೀ ಆಕಸ್ಮಿಕವೋ ಅಂತ ನೋಡುವ ಟಿ-ಟೆಸ್ಟ್ ಹಾಕಿದರೆ ಟಿ = 4.31, ಪಿ-ವ್ಯಾಲ್ಯೂ (ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ದೊಡ್ಡದು ಆಕಸ್ಮಿಕವಾಗಿ ಕಾಣುವ ಸಾಧ್ಯತೆ) 0.0001ಕ್ಕಿಂತ ಕಡಿಮೆ. ತುಂಬಾ ಖುಷಿಯಾಯಿತು. ಆಮೇಲೆ ಗೈಡ್ "ಅಸಂಪ್ಷನ್ ಎಲ್ಲಾ ನೋಡಿದ್ದೀಯಾ?" ಅಂತ ಕೇಳಿದರು. ಅರವತ್ತೂ ಅಳತೆ ಒಟ್ಟಿಗೆ ಹಾಕಿ ಶಾಪಿರೊ-ವಿಲ್ಕ್ (ಡೇಟಾ ನಾರ್ಮಲ್, ಅಂದರೆ ಗಂಟೆಯಾಕಾರದಲ್ಲಿ ಹರಡಿದೆಯೋ ಅಂತ ನೋಡುವ ಟೆಸ್ಟ್) ಮಾಡಿದೆ. ಪಿ 0.03 ಬಂತು, ಅಂದರೆ ನಾರ್ಮಲ್ ಅಲ್ಲ. ಈಗ ಟಿ-ಟೆಸ್ಟ್ ಬಿಟ್ಟು ಅಂಕಿಗಳ ಬದಲು ಅವುಗಳ ದೊಡ್ಡ-ಚಿಕ್ಕ ಕ್ರಮ ನೋಡುವ ಮ್ಯಾನ್-ವಿಟ್ನಿಗೆ ಹೋಗಬೇಕಾ? ಅಥವಾ 30ಕ್ಕಿಂತ ಕಡಿಮೆ ಇಲ್ಲವಲ್ಲ, ಹಾಗಾಗಿ ನಡೆಯುತ್ತಾ? ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ದಯವಿಟ್ಟು ಯಾರಾದರೂ ಬಿಡಿಸಿ ಹೇಳಿ.

ರಾತ್ರಿಪಾಳಿ

ಮೊದಲು ಆ ಶಾಪಿರೊ ವಿಷಯ. ಅರವತ್ತನ್ನೂ ಕಲಸಿ ನೋಡಬಾರದು. ಟಿ-ಟೆಸ್ಟ್‌ಗೆ ಬೇಕಾಗಿರುವುದು ಒಂದೊಂದು ಗುಂಪಿನ ಒಳಗೆ ಅಳತೆಗಳು ನಾರ್ಮಲ್ ಆಗಿ ಹರಡಿರುವುದು. ಯೋಚನೆ ಮಾಡಿ, ದ್ರಾವಣ ನಿಜವಾಗಿ ಕೆಲಸ ಮಾಡಿದ್ದರೆ ಎರಡು ಗುಂಪು ಎರಡು ಜಾಗದಲ್ಲಿ ಕೂತಿರುತ್ತವೆ. ಎರಡನ್ನೂ ಸೇರಿಸಿ ಹಿಸ್ಟೋಗ್ರಾಮ್ ಬರೆದರೆ ಎರಡು ಗುಡ್ಡ ಕಾಣಬಹುದು, ಇಲ್ಲಾ ಒಂದು ಚಪ್ಪಟೆ ದಿಬ್ಬ. ಅದು ನಾರ್ಮಲ್ ಅಲ್ಲ ಅಂತ ಟೆಸ್ಟ್ ಹೇಳಿದರೆ, ನೀವು ಹುಡುಕುತ್ತಿದ್ದ ವ್ಯತ್ಯಾಸವನ್ನೇ ಅದು ತೋರಿಸುತ್ತಿರಬಹುದು!

ಪ್ರತಿ ಅಳತೆಯಿಂದ ಅದರದೇ ಗುಂಪಿನ ಸರಾಸರಿ ಕಳೆಯಿರಿ. ಉಳಿದದ್ದರ ಕ್ಯೂ-ಕ್ಯೂ ಪ್ಲಾಟ್ (ನಾರ್ಮಲ್ ಆಗಿದ್ದರೆ ಚುಕ್ಕಿಗಳು ನೇರ ಗೆರೆಯಲ್ಲಿ ಬರುವ ಚಿತ್ರ) ಹಾಕಿ ಕಣ್ಣಲ್ಲೇ ನೋಡಿ. ನಾನಂತೂ ಶಾಪಿರೊ ಪಿ-ವ್ಯಾಲ್ಯೂ ಮೇಲೆ ಯಾವ ತೀರ್ಮಾನವನ್ನೂ ನಿಲ್ಲಿಸುವುದಿಲ್ಲ. ಸ್ಯಾಂಪಲ್ 8 ಇದ್ದಾಗ ಅದಕ್ಕೆ ದೊಡ್ಡ ವಕ್ರತೆಯೂ (ನಾರ್ಮಲ್ ಆಕಾರದಿಂದ ವಾಲಿರುವುದು) ಕಾಣುವುದಿಲ್ಲ, 5000 ಇದ್ದಾಗ ಸಾಸಿವೆ ಕಾಳಿನಷ್ಟು ವಕ್ರತೆಗೂ ಕೂಗಿಕೊಳ್ಳುತ್ತದೆ. ನಮಗೆ ಚಿಂತೆ ಇರುವುದು ಚಿಕ್ಕ ಸ್ಯಾಂಪಲ್‌ನಲ್ಲಿ, ಅಲ್ಲೇ ಅದು ಸುಮ್ನೆ ಇರುತ್ತದೆ.

ಲೆಕ್ಕದ_ಮೇಷ್ಟ್ರು

ರಾತ್ರಿಪಾಳಿ ಹೇಳಿದ್ದು ಸರಿ. ಆದರೆ ನನ್ನ ಕಣ್ಣು ಬಿದ್ದಿದ್ದು ಬೇರೆ ಕಡೆ. 12 ಕುಂಡ, 60 ಎಲೆ. ದ್ರಾವಣ ಹಾಕಿದ್ದು ಎಲೆಗಾ, ಕುಂಡಕ್ಕಾ?

ಎಲೆ_ಅಳೆಯುವವಳು

ಕುಂಡಕ್ಕೆ ಸರ್. ಆದರೆ ಪ್ರತಿ ಎಲೆಯನ್ನೂ ಬೇರೆಬೇರೆಯಾಗಿ ಅಳೆದಿದ್ದೇನೆ. ಒಂದೇ ಎಲೆಯನ್ನು ಎರಡು ಸಲ ಅಳೆದಿಲ್ಲ. ಹಾಗಿದ್ದರೆ ಸ್ವತಂತ್ರ ಅಳತೆಗಳೇ ಆಗುತ್ತವೆ ಅಲ್ವಾ?

ಲೆಕ್ಕದ_ಮೇಷ್ಟ್ರು

ಇಲ್ಲ ತಾಯಿ. ಇಲ್ಲೇ ಎಲ್ಲರೂ ಎಡವುವುದು, ಅದಕ್ಕೇ ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ.

ಸ್ವತಂತ್ರ ಅಂದರೆ ಒಂದು ಅಳತೆ ಗೊತ್ತಾದ ಮಾತ್ರಕ್ಕೆ ಇನ್ನೊಂದರ ಬಗ್ಗೆ ಹೊಸದೇನೂ ಗೊತ್ತಾಗಬಾರದು. ಗುಂಪಿನ ಸರಾಸರಿ ನಿಮಗೆ ಮೊದಲೇ ಗೊತ್ತು ಅಂದುಕೊಳ್ಳಿ. ಈಗ ಮೂರನೇ ಕುಂಡದಿಂದ ನಾಲ್ಕು ಎಲೆ ಅಳೆದಿರಿ, ನಾಲ್ಕೂ ಸರಾಸರಿಗಿಂತ ಚಿಕ್ಕದಿವೆ. ಐದನೆಯದು ಹೇಗಿರಬಹುದು ಅಂತ ಕೇಳಿದರೆ ನೀವು "ಅದೂ ಚಿಕ್ಕದೇ ಇರುತ್ತೆ" ಅನ್ನುತ್ತೀರಿ. ಯಾಕೆ? ಆ ಗಿಡದ ಬೇರು ಸರಿಯಿಲ್ಲದಿರಬಹುದು, ಆ ಬೀಜವೇ ಸೊರಗಿರಬಹುದು, ಆ ಜಾಗಕ್ಕೆ ಬೆಳಕು ಕಡಿಮೆ ಬಿದ್ದಿರಬಹುದು. ಕಾರಣ ಯಾವುದೇ ಇರಲಿ, ಐದೂ ಎಲೆಗೆ ಅದು ಒಂದೇ. ಅಂದರೆ ಐದನೇ ಎಲೆ ಹೊಸ ಸುದ್ದಿ ತರುವುದು ತೀರಾ ಕಡಿಮೆ.

ಟಿ-ಟೆಸ್ಟ್‌ಗೆ ಇದು ಗೊತ್ತಿಲ್ಲ. 30 ಅಂತ ನೀವು ಕೊಟ್ಟರೆ 30 ಬೇರೆ ಬೇರೆ ಸಾಕ್ಷಿಗಳು ಬಂದು ಹೇಳಿದವು ಅಂತಲೇ ಅದು ಎಣಿಸುತ್ತದೆ. ಸರಾಸರಿಯ ಸ್ಟ್ಯಾಂಡರ್ಡ್ ಎರರ್ (ಸರಾಸರಿ ಎಷ್ಟು ಅತ್ತಿತ್ತ ಆಗಬಹುದು ಅನ್ನುವ ಅಂದಾಜು) ಲೆಕ್ಕ ಹಾಕುವಾಗ 30ರ ವರ್ಗಮೂಲದಿಂದ ಭಾಗಿಸುತ್ತದೆ. ನಿಜವಾಗಿ ಬಂದ ಸಾಕ್ಷಿಗಳು ಆರು. ಐದೈದು ಸಲ ಅವೇ ಮಾತಾಡಿವೆ.

ಇದಕ್ಕೆ ಹುಸಿ ಪುನರಾವರ್ತನೆ ಅನ್ನಬಹುದು. 1984ರಲ್ಲಿ ಹರ್ಲ್‌ಬರ್ಟ್ ಅನ್ನುವ ಪರಿಸರ ವಿಜ್ಞಾನಿ ತಮ್ಮ ಕ್ಷೇತ್ರದ ಪ್ರಯೋಗಗಳಲ್ಲಿ ಈ ತಪ್ಪು ಎಷ್ಟು ಹರಡಿದೆ ಅಂತ ವಿವರವಾಗಿ ಬರೆದರು. ಆಮೇಲೆ ಈ ಮಾತು ಎಲ್ಲಾ ಕಡೆ ಬಳಕೆಗೆ ಬಂತು, ತಪ್ಪು ಮಾತ್ರ ನಿಂತಿಲ್ಲ. ಒಂದೇ ತಟ್ಟೆಯ ಕೋಶಗಳು, ಒಂದೇ ತರಗತಿಯ ಮಕ್ಕಳು, ಒಬ್ಬನೇ ರೋಗಿಯ ಎರಡು ಕಣ್ಣು, ಎಲ್ಲಾ ಕಡೆ ಇದೇ ಕಥೆ.

ಎಲೆ_ಅಳೆಯುವವಳು

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಒಂದು ಕಡೆ ಅರ್ಥ ಆಯಿತು. ಇನ್ನೊಂದು ಕಡೆ, ಅರವತ್ತು ಎಲೆ ಅಳೆದ ಕಷ್ಟ ಎಲ್ಲಾ ವ್ಯರ್ಥವಾ ಅನಿಸುತ್ತಿದೆ. ಇದರಿಂದ ನಿಜವಾಗಿ ಎಷ್ಟು ತಪ್ಪಾಗುತ್ತೆ? ಸ್ವಲ್ಪ ಹೆಚ್ಚು ಕಡಿಮೆಯಾದರೆ ಪರವಾಗಿಲ್ಲ ಅನ್ನೋ ಹಾಗಿದೆಯಾ?

ಕೋಡ್_ಬರೆಯುವವ

ಲೆಕ್ಕ ಹಾಕಿಯೇ ತೋರಿಸಬಹುದು. ಒಂದೇ ಗಿಡದ ಎರಡು ಎಲೆಗಳ ನಡುವಿನ ಹೋಲಿಕೆಗೆ ಒಂದು ಅಂಕಿ ಇದೆ, ಇಂಟ್ರಾಕ್ಲಾಸ್ ಕೋರಿಲೇಷನ್ ಅನ್ನುತ್ತಾರೆ. 0 ಅಂದರೆ ಒಂದೇ ಗಿಡದ ಎಲೆಗಳ ಹೋಲಿಕೆ ಬೇರೆ ಬೇರೆ ಗಿಡದ ಎಲೆಗಳ ಹೋಲಿಕೆಗಿಂತ ಹೆಚ್ಚೇನಿಲ್ಲ. 1 ಅಂದರೆ ಒಂದು ಗಿಡದ ಎಲೆಗಳೆಲ್ಲ ಒಂದೇ ಅಳತೆ. ನಿಮ್ಮ ಡೇಟಾದಲ್ಲಿ ಅದು 0.6 ಅಂತಿಟ್ಟುಕೊಳ್ಳೋಣ.

ಸರಾಸರಿಯ ವೇರಿಯನ್ಸ್ (ಹರಡುವಿಕೆಯ ಅಳತೆ) ಎಷ್ಟು ಪಟ್ಟು ಉಬ್ಬುತ್ತದೆ ಅನ್ನುವುದಕ್ಕೆ ಸೂತ್ರ ಸುಲಭ. ಒಂದು ಗಿಡಕ್ಕೆ ಎಷ್ಟು ಎಲೆಯೋ ಅದರಲ್ಲಿ ಒಂದು ಕಳೆದು, ಈ ಅಂಕಿಯಿಂದ ಗುಣಿಸಿ, ಒಂದು ಕೂಡಿಸಬೇಕು. ಐದು ಎಲೆಗೆ 4 × 0.6 + 1 = 3.4. 30 ಅನ್ನು 3.4ರಿಂದ ಭಾಗಿಸಿದರೆ ಸುಮಾರು 9. ಅಂದರೆ ನಿಮ್ಮ 30 ಎಲೆ ಸ್ವತಂತ್ರವಾದ 9 ಎಲೆಗೆ ಸಮ. ಅಳೆದದ್ದು ವ್ಯರ್ಥ ಅಲ್ಲ, ಗಿಡಕ್ಕೆ ಒಂದೇ ಎಲೆ ಅಳೆದಿದ್ದರೆ 6 ಇರುತ್ತಿತ್ತು, ಈಗ 9 ಇದೆ.

ಇನ್ನು ತಪ್ಪು ಎಷ್ಟು ಅಂದರೆ: ದ್ರಾವಣದಿಂದ ಏನೂ ಆಗಿಲ್ಲ ಅಂತಲೇ ಇಟ್ಟುಕೊಳ್ಳಿ. ಇದೇ ಪ್ರಯೋಗವನ್ನು 100 ಸಲ ಮಾಡಿ, ಪ್ರತಿ ಸಲ 30 ಮತ್ತು 30 ಅಂತ ಟಿ-ಟೆಸ್ಟ್ ಹಾಕಿದರೆ ಸುಮಾರು 30 ಸಲ ಪಿ 0.05ಕ್ಕಿಂತ ಕೆಳಗೆ ಬರುತ್ತದೆ. ನಾವು ಒಪ್ಪಿಕೊಂಡಿದ್ದು 5. ಇದನ್ನು ಸ್ವಲ್ಪ ಹೆಚ್ಚು ಕಡಿಮೆ ಅಂತ ಬಿಡಲು ಆಗುವುದಿಲ್ಲ. ಇನ್ನೂ ಕೆಟ್ಟ ಸಂಗತಿ ಅಂದರೆ ಎಲೆ ಜಾಸ್ತಿ ಅಳೆದಷ್ಟೂ ತಪ್ಪು ಹೆಚ್ಚುತ್ತದೆ. ಗಿಡಕ್ಕೆ 50 ಎಲೆ ಅಳೆದರೆ ಟೆಸ್ಟ್‌ಗೆ ಇನ್ನೂ ಜಾಸ್ತಿ ಧೈರ್ಯ ಬಂದುಬಿಡುತ್ತದೆ.

ರಾತ್ರಿಪಾಳಿ

ಮೇಲಿನದನ್ನು ಎಲ್ಲರೂ ಎರಡು ಸಲ ಓದಿ. ವಕ್ರ ಡೇಟಾಕ್ಕೆ ಲಾಗ್ ತೆಗೆಯಬಹುದು, ಗುಂಪುಗಳ ವೇರಿಯನ್ಸ್ ಬೇರೆ ಇದ್ದರೆ ಅದಕ್ಕೆಂದೇ ವೆಲ್ಚ್ ಅನ್ನುವ ಟಿ-ಟೆಸ್ಟ್ ಇದೆ. ಸ್ವತಂತ್ರವಲ್ಲದ ಅಳತೆಗೆ ಸಾಫ್ಟ್‌ವೇರಿನಲ್ಲಿ ಒಂದು ಬಟನ್ ಒತ್ತಿ ಕಂಡುಹಿಡಿಯುವ ಟೆಸ್ಟೇ ಇಲ್ಲ ಅನ್ನಬಹುದು. ಅಂಕಿಗಳ ಒಂದು ಸಾಲು ನೋಡಿ ಯಾವ ಎಲೆ ಯಾವ ಕುಂಡದ್ದು ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ಅಳೆದವರಿಗೇ ಗೊತ್ತಿರಬೇಕು.

ಹೊಸಬ_ನಾನು

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಹಾಗಾದರೆ ಒಬ್ಬನೇ ವ್ಯಕ್ತಿಗೆ ಮೊದಲು ಒಂದು ಔಷಧಿ, ಆಮೇಲೆ ಇನ್ನೊಂದು ಕೊಟ್ಟು ಅಳೆಯುತ್ತಾರಲ್ಲ, ಅದೂ ಸ್ವತಂತ್ರ ಅಲ್ಲ. ಆದರೂ ಅಲ್ಲಿ ಟಿ-ಟೆಸ್ಟ್ ಹಾಕುತ್ತಾರಲ್ಲ?

ಹಳೆ_ಕ್ಯಾಲ್ಕುಲೇಟರ್

ಒಳ್ಳೆ ಪ್ರಶ್ನೆ ಕೇಳಿದಿರಿ. ಇದಕ್ಕೆ ಟಿ-ಟೆಸ್ಟ್ ಹುಟ್ಟಿದ ಲೇಖನದಲ್ಲೇ ಉದಾಹರಣೆ ಇದೆ, ನನಗೆ ಬಹಳ ಇಷ್ಟದ ಡೇಟಾ ಅದು.

ವಿಲಿಯಂ ಸೀಲಿ ಗಾಸೆಟ್ ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ ಪ್ರಯೋಗಗಳಿಗೆ ಸಿಗುತ್ತಿದ್ದ ಸ್ಯಾಂಪಲ್ ತೀರಾ ಚಿಕ್ಕದು. ಆಗಿನ ವಿಧಾನಗಳೆಲ್ಲ ದೊಡ್ಡ ಸ್ಯಾಂಪಲ್‌ಗೆ ಅಂತ ಇದ್ದವು. 1908ರಲ್ಲಿ ಅವರು "ಸ್ಟೂಡೆಂಟ್" ಅನ್ನುವ ಹೆಸರಲ್ಲಿ ಲೇಖನ ಬರೆದರು, ಕಂಪನಿಯವರು ಸ್ವಂತ ಹೆಸರಲ್ಲಿ ಪ್ರಕಟಿಸಲು ಬಿಡುತ್ತಿರಲಿಲ್ಲ. ತಮ್ಮ ಸೂತ್ರ ಸರಿಯೋ ಅಂತ ನೋಡಲು 3000 ಕೈದಿಗಳ ಎತ್ತರ ಮತ್ತು ಬೆರಳಿನ ಉದ್ದದ ಅಳತೆಗಳನ್ನು ರಟ್ಟಿನ ಚೂರುಗಳ ಮೇಲೆ ಬರೆದು, ಚೆನ್ನಾಗಿ ಕಲಸಿ, ನಾಲ್ಕು ನಾಲ್ಕಾಗಿ ಎತ್ತಿ 750 ಸ್ಯಾಂಪಲ್ ಮಾಡಿದರು. ಇಂದು ನಾವು ಕಂಪ್ಯೂಟರಿನಲ್ಲಿ ಮಾಡುವ ಸಿಮ್ಯುಲೇಷನ್ ಅನ್ನು ಆ ಮನುಷ್ಯ ಕೈಯಲ್ಲಿ ಮಾಡಿದ್ದು.

ಅದೇ ಲೇಖನದಲ್ಲಿ 10 ರೋಗಿಗಳ ನಿದ್ದೆಯ ಡೇಟಾ ಇದೆ. ಎರಡು ಔಷಧಿ, ಪ್ರತಿಯೊಬ್ಬರಿಗೂ ಎರಡೂ ಕೊಟ್ಟಿದ್ದಾರೆ. ಮೊದಲನೆಯದರಿಂದ ಸರಾಸರಿ 0.75 ಗಂಟೆ ನಿದ್ದೆ ಜಾಸ್ತಿ, ಎರಡನೆಯದರಿಂದ 2.33 ಗಂಟೆ. ಇವನ್ನು ಬೇರೆ ಬೇರೆ ಜನರ ಎರಡು ಗುಂಪು ಅಂದುಕೊಂಡು ಟಿ-ಟೆಸ್ಟ್ ಹಾಕಿದರೆ ಟಿ 1.86, ಪಿ 0.079. ಏನೂ ಹೇಳಲು ಆಗುವುದಿಲ್ಲ. ಈಗ ಒಬ್ಬೊಬ್ಬರದೇ ವ್ಯತ್ಯಾಸ ತೆಗೆಯಿರಿ: 1.2, 2.4, 1.3, 1.3, 0, 1.0, 1.8, 0.8, 4.6, 1.4. ಈ ಹತ್ತು ಅಂಕಿಗಳ ಸರಾಸರಿ 1.58, ಟಿ 4.06, ಪಿ 0.0028.

ನೋಡಿ, ಹತ್ತರಲ್ಲಿ ಒಬ್ಬರಿಗೂ ವ್ಯತ್ಯಾಸ ಮೈನಸ್ ಇಲ್ಲ. ಕೆಲವರು ಸ್ವಭಾವತಃ ಔಷಧಿಗೆ ಜಾಸ್ತಿ ನಿದ್ದೆ ಮಾಡುವವರು, ಕೆಲವರು ಇಲ್ಲ. ಜನರಿಂದ ಜನರಿಗೆ ಇರುವ ಆ ವ್ಯತ್ಯಾಸ ಮೊದಲನೇ ಲೆಕ್ಕದಲ್ಲಿ ಗದ್ದಲ ಎಬ್ಬಿಸುತ್ತಿತ್ತು. ಕಳೆದಾಗ ಅದು ಹೊರಟುಹೋಯಿತು. ಜೋಡಿ ಟಿ-ಟೆಸ್ಟ್‌ನಲ್ಲಿ ಜೋಡಿಯ ಒಳಗೆ ಸಂಬಂಧ ಇರಬಹುದು, ಇದ್ದಷ್ಟೂ ಒಳ್ಳೆಯದು. ಸ್ವತಂತ್ರವಾಗಿ ಇರಬೇಕಾದದ್ದು ಈ ಹತ್ತು ವ್ಯತ್ಯಾಸಗಳು. ನಾರ್ಮಲ್ ಆಗಿರಬೇಕಾದದ್ದೂ ಈ ಹತ್ತೇ, ಮೂಲ ಇಪ್ಪತ್ತು ಅಂಕಿಗಳಲ್ಲ.

ಅಂದ ಹಾಗೆ, ಕುಂಡದ ಪ್ರಯೋಗದಲ್ಲಿ ಆಗಿದ್ದು ಇದರ ಉಲ್ಟಾ. ಸಂಬಂಧವನ್ನು ಮರೆತರೆ ನಿದ್ದೆ ಡೇಟಾದಲ್ಲಿ ಇದ್ದ ವ್ಯತ್ಯಾಸ ಮುಚ್ಚಿಹೋಗುತ್ತದೆ, ಕುಂಡದ ಡೇಟಾದಲ್ಲಿ ಇಲ್ಲದ ಖಚಿತತೆ ಬರುತ್ತದೆ.

ಹೊಸಬ_ನಾನು

ಆ 4.6 ಕಣ್ಣಿಗೆ ಚುಚ್ಚುತ್ತಿದೆ. ಅದೊಂದರಿಂದಲೇ ಪಿ-ವ್ಯಾಲ್ಯೂ ಅಷ್ಟು ಚಿಕ್ಕದಾಯಿತಾ?

ಹಳೆ_ಕ್ಯಾಲ್ಕುಲೇಟರ್

ಎಲ್ಲರಿಗೂ ಹಾಗೇ ಅನಿಸುತ್ತೆ. ತೆಗೆದು ನೋಡಿ. ಉಳಿದ ಒಂಬತ್ತರ ಸರಾಸರಿ 1.24ಕ್ಕೆ ಇಳಿಯುತ್ತದೆ. ಆದರೆ ಸ್ಟ್ಯಾಂಡರ್ಡ್ ಡಿವಿಯೇಶನ್ (ಅಂಕಿಗಳ ಹರಡುವಿಕೆ) 1.23ರಿಂದ 0.66ಕ್ಕೆ ಬೀಳುತ್ತದೆ. ಟಿ 4.06 ಇದ್ದದ್ದು 5.66 ಆಗುತ್ತದೆ!

ಅಂದರೆ ಆ ದೊಡ್ಡ ಅಂಕಿ ಟಿ ಅನ್ನು ಎತ್ತುತ್ತಿರಲಿಲ್ಲ, ಕೆಳಗೆ ಎಳೆಯುತ್ತಿತ್ತು. ಟಿ ಒಂದು ಭಾಗಾಕಾರ, ಮೇಲಿನ ಸರಾಸರಿಗಿಂತ ಕೆಳಗಿನ ಸ್ಟ್ಯಾಂಡರ್ಡ್ ಡಿವಿಯೇಶನ್ ಅನ್ನು ಅದು ಜಾಸ್ತಿ ಉಬ್ಬಿಸುತ್ತದೆ. ದೂರದ ಒಂದೆರಡು ಅಂಕಿ ಇದ್ದಾಗ ಟಿ-ಟೆಸ್ಟ್ ಸಾಮಾನ್ಯವಾಗಿ ಸುಳ್ಳು ಸುಳ್ಳೇ ಕೂಗುವುದಕ್ಕಿಂತ ಇದ್ದದ್ದನ್ನೂ ಕಾಣದೆ ಹೋಗುತ್ತದೆ. ಹಾಗಂತ ಆ 4.6 ಅನ್ನು ಕಿತ್ತುಹಾಕಿ ಅಂತ ನಾನು ಹೇಳುತ್ತಿಲ್ಲ. ಆ ರೋಗಿಗೆ ನಿಜವಾಗಿಯೂ ಹಾಗಾಗಿದ್ದರೆ ಅದು ಡೇಟಾ, ಅದು ಉಳಿಯಬೇಕು.

ಎಲೆ_ಅಳೆಯುವವಳು

ಇದು ನನ್ನ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ತುಂಬಾ ಥ್ಯಾಂಕ್ಸ್. ಈಗ ನನ್ನ ವಿಷಯ. ಪ್ರತಿ ಗಿಡದ ಐದು ಎಲೆಯ ಸರಾಸರಿ ತೆಗೆದೆ, ಈಗ ಗುಂಪಿಗೆ 6 ಅಂಕಿ ಮಾತ್ರ.

ದ್ರಾವಣ: 8.1, 9.4, 7.6, 8.8, 9.9, 8.2
ನೀರು: 7.2, 8.5, 7.9, 6.8, 8.0, 7.8

ಈಗ ಆರಾರೇ ಇದೆ, 30ಕ್ಕೆ ಎಷ್ಟೋ ಕಡಿಮೆ. ಹಾಗಾದರೆ ಟಿ-ಟೆಸ್ಟ್ ಮಾಡುವ ಹಾಗೇ ಇಲ್ಲವಾ? ಮ್ಯಾನ್-ವಿಟ್ನಿನೇ ಗತಿನಾ?

ಲೆಕ್ಕದ_ಮೇಷ್ಟ್ರು

30 ಅನ್ನುವುದು ಯಾರೋ ಎಂದೋ ಹೇಳಿದ ಅಂದಾಜು, ಅದೇ ಕಾನೂನಿನ ಹಾಗೆ ಕೂತುಬಿಟ್ಟಿದೆ. ಗಾಸೆಟ್ ನಾಲ್ಕು ಅಂಕಿಯ ಸ್ಯಾಂಪಲ್ ಮೇಲೆ ಪರೀಕ್ಷೆ ಮಾಡಿದ್ದು ಮೇಲೆ ಓದಿದಿರಲ್ಲ. ಚಿಕ್ಕ ಸ್ಯಾಂಪಲ್‌ಗೆ ಅಂತಲೇ ಹುಟ್ಟಿದ ಟೆಸ್ಟ್ ಇದು. ಮೂಲ ಅಳತೆ ನಾರ್ಮಲ್‌ಗೆ ಹತ್ತಿರ ಇದ್ದರೆ ಆರು ಸಾಕು.

ಡೇಟಾ ವಕ್ರವಾಗಿದ್ದಾಗ 30 ಕೂಡ ಸಾಲದೆ ಹೋಗಬಹುದು. ಯಾಕೆ ಅಂತ ಹೇಳುತ್ತೇನೆ, ಇದನ್ನು ಬಹಳ ಪಾಠಗಳಲ್ಲಿ ಹಾರಿಸಿಬಿಡುತ್ತಾರೆ. ಟಿ ಅಂದರೆ ಒಂದು ಭಾಗಾಕಾರ. ಮೇಲೆ ಸರಾಸರಿ, ಕೆಳಗೆ ಸ್ಯಾಂಪಲ್‌ನಿಂದಲೇ ಅಂದಾಜಿಸಿದ ಹರಡುವಿಕೆ. ನಾರ್ಮಲ್ ಡೇಟಾದಲ್ಲಿ ಇವೆರಡಕ್ಕೂ ಪರಸ್ಪರ ಸಂಬಂಧವಿಲ್ಲ, ಆ ಗುಣ ಇರುವುದು ನಾರ್ಮಲ್‌ಗೆ ಮಾತ್ರ. ಬಲಕ್ಕೆ ಉದ್ದ ಬಾಲ ಇರುವ ಡೇಟಾ ತೆಗೆದುಕೊಳ್ಳಿ, ಆಸ್ಪತ್ರೆಯಲ್ಲಿ ಕಾಯುವ ಸಮಯದ ಥರ. ದೊಡ್ಡ ಅಂಕಿ ಯಾವುದೂ ಸಿಗದ ಸ್ಯಾಂಪಲ್‌ನಲ್ಲಿ ಸರಾಸರಿಯೂ ಚಿಕ್ಕದು, ಹರಡುವಿಕೆಯೂ ಚಿಕ್ಕದು. ಸರಾಸರಿ ನಿಜವಾದ ಬೆಲೆಗಿಂತ ಕೆಳಗಿದೆ, ಅದನ್ನು ಭಾಗಿಸುವ ಅಂಕಿಯೂ ಸಣ್ಣ, ಹಾಗಾಗಿ ಟಿ ಎಡಗಡೆಗೆ ದೂರ ಹಾರುತ್ತದೆ. ಟೇಬಲ್‌ನಲ್ಲಿರುವ ಟಿ ಎರಡೂ ಕಡೆ ಸಮ. ನಿಮ್ಮ ಟಿ ಒಂದು ಕಡೆಗೆ ವಾಲಿರುತ್ತದೆ.

ಇದು ಒಂದೇ ಗುಂಪಿನ ಟಿ-ಟೆಸ್ಟ್‌ನಲ್ಲಿ ಜಾಸ್ತಿ ಕಾಡುತ್ತದೆ. ಎರಡು ಗುಂಪಿದ್ದು, ಎರಡೂ ಒಂದೇ ಕಡೆಗೆ ಒಂದೇ ಥರ ವಕ್ರ ಇದ್ದು, ಗಾತ್ರವೂ ಒಂದೇ ಇದ್ದರೆ, ಕಳೆಯುವಾಗ ವಕ್ರತೆ ಬಹುಪಾಲು ವಜಾ ಆಗುತ್ತದೆ. ನಿಮ್ಮ 12 ಅಂಕಿ ನೋಡಿದೆ. ದೂರ ಹಾರಿದ್ದು ಯಾವುದೂ ಇಲ್ಲ. ಅಲ್ಲದೆ ಪ್ರತಿಯೊಂದೂ ಐದು ಎಲೆಯ ಸರಾಸರಿ, ಸರಾಸರಿಗಳು ಮೂಲ ಅಳತೆಗಿಂತ ನಾರ್ಮಲ್‌ಗೆ ಹತ್ತಿರ ಇರುತ್ತವೆ. ನನಗೆ ಇಲ್ಲಿ ನಾರ್ಮಲ್ ಬಗ್ಗೆ ಚಿಂತೆಯೇ ಇಲ್ಲ.

ಕೋಡ್_ಬರೆಯುವವ

ಮ್ಯಾನ್-ವಿಟ್ನಿ ಬಗ್ಗೆ ಒಂದೆರಡು ಮಾತು. ಅದಕ್ಕೆ ಅಸಂಪ್ಷನ್ನೇ ಇಲ್ಲ ಅನ್ನುವ ನಂಬಿಕೆ ಎಲ್ಲಿಂದ ಬಂತೋ ಗೊತ್ತಿಲ್ಲ. ಅದಕ್ಕೂ ಅಳತೆಗಳು ಸ್ವತಂತ್ರವಾಗಿಯೇ ಇರಬೇಕು. ಅರವತ್ತು ಎಲೆಯನ್ನು ಅದಕ್ಕೆ ಕೊಟ್ಟಿದ್ದರೂ ಇದೇ ತಪ್ಪು ಆಗುತ್ತಿತ್ತು. ಇನ್ನು ಅದು ಮೀಡಿಯನ್ (ಸಾಲಾಗಿ ಇಟ್ಟಾಗ ನಡುವೆ ಬರುವ ಅಂಕಿ) ಹೋಲಿಸುತ್ತದೆ ಅನ್ನುವುದು ಎರಡು ಗುಂಪಿನ ಆಕಾರ ಒಂದೇ ಇದ್ದಾಗ ಮಾತ್ರ ನಿಜ. ಇಲ್ಲದಿದ್ದರೆ ಅದು ಕೇಳುವ ಪ್ರಶ್ನೆಯೇ ಬೇರೆ: ಈ ಗುಂಪಿಂದ ಒಂದು, ಆ ಗುಂಪಿಂದ ಒಂದು ಎತ್ತಿದರೆ ಯಾವುದು ದೊಡ್ಡದಿರುವ ಸಾಧ್ಯತೆ ಜಾಸ್ತಿ?

ತೀರಾ ಚಿಕ್ಕ ಸ್ಯಾಂಪಲ್‌ನಲ್ಲಿ ಅದಕ್ಕೆ ಬಾಯೇ ಇರುವುದಿಲ್ಲ. ಮೂರು ಮೂರು ಇದ್ದಾಗ ಆರು ಅಂಕಿಗಳನ್ನು ಎರಡು ಗುಂಪಿಗೆ ಹಂಚಲು 20 ದಾರಿ. ಒಂದು ಗುಂಪಿನ ಎಲ್ಲವೂ ಇನ್ನೊಂದರ ಎಲ್ಲಕ್ಕಿಂತ ದೊಡ್ಡದಿದ್ದರೂ ಎರಡು ಬದಿಯ ಪಿ 2/20, ಅಂದರೆ 0.1. 0.05ರ ಕೆಳಗೆ ಹೋಗಲು ದಾರಿಯೇ ಇಲ್ಲ. ಆರು ಆರಕ್ಕೆ ಆ ಕಷ್ಟ ಇಲ್ಲ, ಬಿಡಿ.

ಎಲೆ_ಅಳೆಯುವವಳು

ಸರಿ, ಟಿ-ಟೆಸ್ಟೇ ಮಾಡುತ್ತೇನೆ. ಆದರೆ ವೇರಿಯನ್ಸ್? ದ್ರಾವಣದ ಗುಂಪಿನ ಸ್ಟ್ಯಾಂಡರ್ಡ್ ಡಿವಿಯೇಶನ್ 0.87, ನೀರಿನದು 0.61. ಮೊದಲು ವೇರಿಯನ್ಸ್ ಒಂದೇ ಇದೆಯೋ ಅಂತ ನೋಡುವ ಲೆವೀನ್ ಟೆಸ್ಟ್ ಮಾಡಿ, ಅದರಲ್ಲಿ ಪಾಸಾದರೆ ಸಾಮಾನ್ಯ ಟಿ, ಇಲ್ಲದಿದ್ದರೆ ವೆಲ್ಚ್ ಅಂತ ನೋಟ್ಸ್‌ನಲ್ಲಿದೆ.

ಕೋಡ್_ಬರೆಯುವವ

ಆ ಎರಡು ಮೆಟ್ಟಿಲಿನ ಕ್ರಮ ಬಿಟ್ಟುಬಿಡಿ. ಆರು ಆರು ಅಂಕಿಯಲ್ಲಿ ಲೆವೀನ್‌ಗೆ ಏನೂ ಕಾಣುವುದಿಲ್ಲ. ವೇರಿಯನ್ಸ್ ಬೇರೆ ಅಂತ ಸಿಗಲಿಲ್ಲ ಅಂದರೆ ವೇರಿಯನ್ಸ್ ಒಂದೇ ಅಂತ ಅರ್ಥವಲ್ಲ. 1953ರಲ್ಲೇ ಜಾರ್ಜ್ ಬಾಕ್ಸ್ ಇಂಥ ಮುಂಚಿನ ಪರೀಕ್ಷೆಯನ್ನು, ದೊಡ್ಡ ಹಡಗು ಹೊರಡಬಹುದೋ ಅಂತ ನೋಡಲು ಸಣ್ಣ ದೋಣಿಯನ್ನು ಸಮುದ್ರಕ್ಕಿಳಿಸಿದ ಹಾಗೆ ಅಂದಿದ್ದರು.

ವೇರಿಯನ್ಸ್ ಯಾವಾಗ ಕಚ್ಚುತ್ತದೆ ಅಂತ ಗೊತ್ತಿದ್ದರೆ ಸಾಕು. ಒಂದು ಗುಂಪಿನಲ್ಲಿ 10, ಇನ್ನೊಂದರಲ್ಲಿ 40 ಅಂತಿಟ್ಟುಕೊಳ್ಳಿ. ಚಿಕ್ಕ ಗುಂಪಿನ ಸ್ಟ್ಯಾಂಡರ್ಡ್ ಡಿವಿಯೇಶನ್ ದೊಡ್ಡದರ ಎರಡರಷ್ಟು. ಹಳೆ ಟಿ-ಟೆಸ್ಟ್ ಎರಡೂ ವೇರಿಯನ್ಸ್ ಬೆರೆಸುವಾಗ 40ರ ಗುಂಪಿನ ಮಾತೇ ಜಾಸ್ತಿ ನಡೆಯುತ್ತದೆ, ಬೆರೆತ ವೇರಿಯನ್ಸ್ ಚಿಕ್ಕದಾಗಿ ಕಾಣುತ್ತದೆ. ವ್ಯತ್ಯಾಸವೇ ಇಲ್ಲದಾಗಲೂ ನೂರಕ್ಕೆ ಸುಮಾರು 18 ಸಲ ಇದೆ ಅನ್ನುತ್ತದೆ. ತಿರುಗಿಸಿ, ದೊಡ್ಡ ಗುಂಪಿನ ಹರಡುವಿಕೆ ಜಾಸ್ತಿ ಮಾಡಿದರೆ ನೂರಕ್ಕೆ ಒಂದು ಸಲಕ್ಕಿಂತಲೂ ಕಡಿಮೆ, ಅಂದರೆ ನಿಜವಾದ ವ್ಯತ್ಯಾಸವೂ ತಪ್ಪಿಹೋಗುತ್ತದೆ. ಗುಂಪುಗಳು ಸಮ ಇದ್ದರೆ, ನಿಮ್ಮ ಹಾಗೆ, ಎರಡೂ ವಿಧಾನದಲ್ಲಿ ಟಿ ಒಂದೇ. ಡಿಗ್ರಿ ಆಫ್ ಫ್ರೀಡಂ (ಟಿಯಿಂದ ಪಿ ತೆಗೆಯಲು ಬಳಸುವ ಅಂಕಿ) ಮಾತ್ರ ಬೇರೆ.

1947ರಿಂದ ವೆಲ್ಚ್ ಇದೆ. ವೇರಿಯನ್ಸ್ ಒಂದೇ ಇದ್ದಾಗ ಅದನ್ನು ಬಳಸಿದರೆ ಕಳೆದುಕೊಳ್ಳುವುದು ತೀರಾ ಕಡಿಮೆ. ಯಾವಾಗಲೂ ಅದನ್ನೇ ಬಳಸಿ ಅನ್ನುವುದು ನನ್ನ ಅಭಿಪ್ರಾಯ. ಸಾಫ್ಟ್‌ವೇರ್ ಬಗ್ಗೆ ಒಂದು ಎಚ್ಚರಿಕೆ: ಆರ್‌ನಲ್ಲಿ ಏನೂ ಹೇಳದಿದ್ದರೆ ವೆಲ್ಚ್ ಬರುತ್ತದೆ, ಪೈಥಾನ್‌ನ ಸೈಪೈನಲ್ಲಿ ಏನೂ ಹೇಳದಿದ್ದರೆ ಸಮ ವೇರಿಯನ್ಸ್‌ನ ಹಳೆ ಟೆಸ್ಟ್ ಬರುತ್ತದೆ, ಎಕ್ಸೆಲ್‌ನಲ್ಲಿ ಟೆಸ್ಟ್‌ನ ಬಗೆ 3 ಅಂತ ಕೊಟ್ಟರೆ ವೆಲ್ಚ್. ಅದೇ ಡೇಟಾ ಇಬ್ಬರು ಬೇರೆ ಕಡೆ ಹಾಕಿದರೆ ಬೇರೆ ಉತ್ತರ ಬರಬಹುದು.

ಎಲೆ_ಅಳೆಯುವವಳು

ಅಯ್ಯೋ, ಅದೇ ಆಗಿದೆ ಈಗ! ಎರಡೂ ಹಾಕಿದೆ. ಟಿ ಎರಡರಲ್ಲೂ 2.24. ಸಾಮಾನ್ಯ ಟಿ-ಟೆಸ್ಟ್, ಡಿಗ್ರಿ 10, ಪಿ 0.049. ವೆಲ್ಚ್, ಡಿಗ್ರಿ 8.95, ಪಿ 0.052. ಒಂದರಲ್ಲಿ ಪಾಸ್, ಒಂದರಲ್ಲಿ ಫೇಲ್. ಏನು ಮಾಡಲಿ? ನೇರವಾಗಿ ಕೇಳುತ್ತೇನೆ, 0.049 ಬರೆದರೆ ತಪ್ಪಾ?

ರಾತ್ರಿಪಾಳಿ

ಎರಡನ್ನೂ ನೋಡಿ ಆಮೇಲೆ ಚೆನ್ನಾಗಿ ಕಾಣುವುದನ್ನು ಆರಿಸಿದರೆ ತಪ್ಪು. ಡೇಟಾ ನೋಡುವ ಮೊದಲೇ ಸಮ ವೇರಿಯನ್ಸ್ ಅಂತ ತೀರ್ಮಾನಿಸಿ ಬರೆದಿಟ್ಟಿದ್ದರೆ 0.049 ತಪ್ಪಲ್ಲ. ನೀವು ಬರೆದಿಟ್ಟಿರಲಿಲ್ಲ. ನಾನು ಔಷಧಿ ಪ್ರಯೋಗಗಳ ಡೇಟಾ ನೋಡುವ ಕೆಲಸ ಮಾಡುತ್ತೇನೆ, ಅಲ್ಲಿ ಯಾವ ಟೆಸ್ಟ್ ಅಂತ ಮೊದಲೇ ಬರೆದು ಇಡಲೇಬೇಕು, ಸರಿಯಾಗಿ ಇಂಥ ಗಳಿಗೆಗಾಗಿಯೇ.

ಆದರೆ 0.049ಕ್ಕೂ 0.052ಕ್ಕೂ ನಡುವೆ ಏನೂ ಇಲ್ಲ ಅನ್ನುವುದೂ ಅಷ್ಟೇ ಮುಖ್ಯ. ವ್ಯತ್ಯಾಸದ 95% ಅಂತರ (ಡೇಟಾಗೆ ಹೊಂದುವ ವ್ಯತ್ಯಾಸಗಳ ವ್ಯಾಪ್ತಿ) ತೆಗೆಯಿರಿ. ಸಾಮಾನ್ಯದಲ್ಲಿ 0.00ಯಿಂದ 1.93 ಸೆಂ.ಮೀ., ವೆಲ್ಚ್‌ನಲ್ಲಿ ಮೈನಸ್ 0.01ರಿಂದ 1.94. ಇವೆರಡನ್ನು ಪಕ್ಕ ಪಕ್ಕ ಇಟ್ಟು ನೋಡಿ, ಗಿಡದ ಬಗ್ಗೆ ಇವು ಬೇರೆ ಬೇರೆ ಮಾತು ಹೇಳುತ್ತಿವೆಯಾ? ಎರಡೂ ಹೇಳುವುದು ಒಂದೇ: ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಇರಬಹುದು, ಎರಡರ ಹತ್ತಿರವೂ ಇರಬಹುದು, ಏನೂ ಇಲ್ಲದಿರಲೂಬಹುದು.

ಸಾಲು_ಸರಾಸರಿ

ಸರಾಸರಿ ತೆಗೆಯುವ ಬದಲು ಮಿಕ್ಸೆಡ್ ಮಾಡೆಲ್ (ಕುಂಡಗಳ ಏರುಪೇರು, ಎಲೆಗಳ ಏರುಪೇರು ಎರಡನ್ನೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದು) ಹಾಕಬೇಕು, ಕುಂಡವನ್ನು ರ‍್ಯಾಂಡಮ್ ಎಫೆಕ್ಟ್ ಮಾಡಿ. ಸರಾಸರಿ ತೆಗೆದರೆ ಮಾಹಿತಿ ಬಿಸಾಡಿದ ಹಾಗಲ್ವಾ?

ಲೆಕ್ಕದ_ಮೇಷ್ಟ್ರು

ಎಲ್ಲಾ ಗಿಡದಲ್ಲೂ ಐದೈದೇ ಎಲೆ ಇರುವಾಗ, ದ್ರಾವಣದ ಪ್ರಶ್ನೆಗೆ ಆ ಮಾಡೆಲ್ ಕೊಡುವ ಉತ್ತರ ಕುಂಡದ ಸರಾಸರಿಗಳ ಮೇಲಿನ ಸಾಮಾನ್ಯ ಟಿ-ಟೆಸ್ಟೇ. ಏನೂ ಬಿಸಾಡಿದ ಹಾಗಾಗುವುದಿಲ್ಲ. ಒಂದು ಗಿಡದಲ್ಲಿ 3, ಇನ್ನೊಂದರಲ್ಲಿ 12 ಎಲೆ ಅಂತಿದ್ದರೆ, ಎಲೆ ಗಿಡದ ಮೇಲುಭಾಗದ್ದೋ ಕೆಳಭಾಗದ್ದೋ ಅಂತ ಸೇರಿಸಬೇಕಿದ್ದರೆ, ಆಗ ನಿಮ್ಮ ಮಾತು ಸರಿ. ಇವರ ಪ್ರಶ್ನೆಗೆ ಹನ್ನೆರಡು ಅಂಕಿ ಸಾಕು, ಓದುವವರಿಗೂ ಅದು ಅರ್ಥವಾಗುತ್ತದೆ.

ನನಗೆ ಇನ್ನೊಂದು ಗೊತ್ತಾಗಬೇಕು. ಯಾವ ಕುಂಡಕ್ಕೆ ದ್ರಾವಣ ಅಂತ ಹೇಗೆ ತೀರ್ಮಾನಿಸಿದಿರಿ? ಕುಂಡಗಳನ್ನು ಹೇಗೆ ಇಟ್ಟಿದ್ದಿರಿ? ದ್ರಾವಣದ ಆರನ್ನೂ ಕಿಟಕಿ ಕಡೆ, ನೀರಿನ ಆರನ್ನೂ ಗೋಡೆ ಕಡೆ ಇಟ್ಟಿದ್ದರೆ, ಬೆಳಕಿಗೂ ದ್ರಾವಣಕ್ಕೂ ಬೇರ್ಪಡಿಸಲು ಯಾವ ಟೆಸ್ಟಿಂದಲೂ ಆಗುವುದಿಲ್ಲ.

ಎಲೆ_ಅಳೆಯುವವಳು

ಇಲ್ಲ ಸರ್, ಅದು ಸರಿ ಮಾಡಿದ್ದೆ. 1ರಿಂದ 12 ಚೀಟಿ ಬರೆದು ಎತ್ತಿದೆ, ಮೊದಲು ಬಂದ ಆರಕ್ಕೆ ದ್ರಾವಣ. ಎಲ್ಲಾ ಒಂದೇ ಮೇಜಿನ ಮೇಲೆ ಕಲಸಿ ಇಟ್ಟಿದ್ದೆ. ವಾರಕ್ಕೊಮ್ಮೆ ಜಾಗ ಬದಲಾಯಿಸುತ್ತಿದ್ದೆ. ಆದರೆ ಎಲೆ ಆರಿಸುವಾಗ ಕಣ್ಣಿಗೆ ಕಂಡ ಆರೋಗ್ಯವಾದ ಎಲೆಗಳನ್ನೇ ಆರಿಸಿದ್ದೇನೆ, ಎರಡೂ ಗುಂಪಿನಲ್ಲಿ. ಅದನ್ನೂ ಬರೆಯಬೇಕಾ?

ಲೆಕ್ಕದ_ಮೇಷ್ಟ್ರು

ಚೀಟಿ ಎತ್ತಿದ್ದು ಬಹಳ ಒಳ್ಳೆ ಕೆಲಸ. ಎಲೆ ಆರಿಸಿದ್ದನ್ನು ಖಂಡಿತಾ ಬರೆಯಿರಿ. ಯಾವ ಕುಂಡಕ್ಕೆ ಏನು ಹಾಕಿದೆ ಅಂತ ನಿಮಗೆ ಗೊತ್ತಿತ್ತು, ಹಾಗಾಗಿ ಕೈ ತಾನಾಗಿಯೇ ಒಂದು ಕಡೆ ದೊಡ್ಡ ಎಲೆಯತ್ತ ಹೋಗಿರಬಹುದು. ಮುಂದಿನ ಸಲ "ಮೇಲಿನಿಂದ ಮೂರನೇ ಎಲೆಯಿಂದ ಏಳನೆಯವರೆಗೆ" ಅಂತ ಮೊದಲೇ ಗೊತ್ತುಮಾಡಿಕೊಳ್ಳಿ. ಇಲ್ಲಾ ಕುಂಡದ ಮೇಲೆ ನಂಬರ್ ಮಾತ್ರ ಬರೆದು, ಬೇರೆ ಯಾರಿಂದಾದರೂ ಅಳೆಸಿ.

ಎಲೆ_ಅಳೆಯುವವಳು

ಬರೆದುಕೊಂಡೆ. ವರದಿಗೆ ಈ ಪ್ಯಾರಾ ಹಾಕುತ್ತಿದ್ದೇನೆ, ತಪ್ಪಿದ್ದರೆ ಹೇಳಿ:

"ದ್ರಾವಣವನ್ನು ಕುಂಡಗಳಿಗೆ ಚೀಟಿ ಎತ್ತಿ ಹಂಚಲಾಯಿತು, ಆದ್ದರಿಂದ ವಿಶ್ಲೇಷಣೆಯ ಘಟಕ ಕುಂಡ. ಪ್ರತಿ ಕುಂಡದ ಐದು ಎಲೆಗಳ ಸರಾಸರಿ ತೆಗೆದು, ಗುಂಪಿಗೆ 6ರಂತೆ ವೆಲ್ಚ್ ಟಿ-ಟೆಸ್ಟ್ ಮಾಡಲಾಯಿತು. ಸರಾಸರಿ ವ್ಯತ್ಯಾಸ 0.97 ಸೆಂ.ಮೀ., 95% ಅಂತರ ಮೈನಸ್ 0.01ರಿಂದ 1.94, ಟಿ 2.24, ಡಿಗ್ರಿ 8.95, ಪಿ 0.052. ಎಲೆಗಳನ್ನು ಆರಿಸಿದವರಿಗೆ ಕುಂಡದ ಗುಂಪು ಗೊತ್ತಿತ್ತು."

ಜೊತೆಗೆ 12 ಅಂಕಿಗಳನ್ನೂ ಚುಕ್ಕಿಗಳಾಗಿ ಒಂದು ಚಿತ್ರದಲ್ಲಿ ಹಾಕಿದ್ದೇನೆ. ಗೈಡ್‌ಗೆ ನಾಳೆ ತೋರಿಸುತ್ತೇನೆ.

ಲೆಕ್ಕದ_ಮೇಷ್ಟ್ರು

ಚೆನ್ನಾಗಿದೆ. ಒಂದೇ ಒಂದು ಬದಲಾವಣೆ, "6ರಂತೆ" ಅನ್ನುವ ಕಡೆ "6 ಕುಂಡಗಳಂತೆ" ಅಂತ ಬರೆಯಿರಿ.

ಹೊಸಬ_ನಾನು

ಅಕ್ಕ, ಗೈಡ್ ಏನಂದರು ಅಂತ ನಾಳೆ ಇಲ್ಲೇ ಬರೆಯಿರಿ. ನನ್ನದೂ ಮೀನಿನ ತೊಟ್ಟಿಗಳ ಡೇಟಾ ಇದೆ, ನಾಲ್ಕು ತೊಟ್ಟಿ, ಒಂದೊಂದರಲ್ಲಿ 25 ಮೀನು. ನೂರು ಅಂತ ಲೆಕ್ಕ ಹಾಕಿಟ್ಟಿದ್ದೆ. ಈಗ ಬೇರೆ ಥ್ರೆಡ್ ಶುರು ಮಾಡುತ್ತೇನೆ.